ಡ್ರಾಫ್ಟ್ ಪಿಕ್ ಕೊಟ್ಟರೆ ಬಿತ್ತನೆ ಬೀಜ ಉಂಡಂತೆಯೇ?

ಪ್ರಶ್ನೆ: ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕಪ್ ಗೆಲ್ಲುವ ಆಸೆಯಿರುವ ತಂಡವೊಂದು ಟ್ರೇಡ್ ಗಡುವಿಗೆ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇರುವ ಕೊನೆಯ ದಿನಕ್ಕೆ) ಮುನ್ನ ತನ್ನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಎಳೆಯ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ತನಗಿರುವ ಸರದಿ, ಕೊಟ್ಟು, ಈಗಲೇ ಕೆಲಸಕ್ಕೆ ಬರುವ ಆಟಗಾರನನ್ನು ತರುವುದು ಸರಿಯೇ? ಅದು ಬಿತ್ತನೆ ಬೀಜವನ್ನೇ ಬೇಯಿಸಿ ಉಂಡಂತಲ್ಲವೇ?

ಉತ್ತರ: ಗಡುವು ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬಿತ್ತನೆ ಬೀಜದ ಹೋಲಿಕೆಯೂ ಅದರ ಬೆನ್ನಿಗೇ ಬರುತ್ತದೆ. ಕಪ್ಪಿಗಾಗಿ ನಿಜಕ್ಕೂ ಸೆಣಸಬಲ್ಲ ತಂಡ ಕೊಡಬಹುದು; ಪ್ಲೇಆಫ್‌ನ ಕೊನೆಯ ಸ್ಥಾನಕ್ಕಾಗಿ ಏದುಸಿರು ಬಿಡುತ್ತಿರುವ ತಂಡ ಕೊಡಬಾರದು. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುವ ಆ ಬೀಜದ ಮಾತನ್ನು ಈ ಬಾರಿಯಾದರೂ ಬೇರುಸಹಿತ ಕೀಳಬೇಕಾಗಿದೆ.

ಬಿತ್ತನೆಗೆಂದು ಎತ್ತಿಟ್ಟದ್ದು ಆರಿಸಿ ತೆಗೆದ ಗಟ್ಟಿಕಾಳು. ಮೊದಲ ಸುತ್ತಿನ ಪಿಕ್ ಎಂದರೆ ಹಾಗಲ್ಲ. ಒಬ್ಬ ಹುಡುಗನನ್ನು ಆರಿಸಿಕೊಳ್ಳುವ ಸರದಿಯಷ್ಟೇ ಅದು, ಮತ್ತು ಸರದಿಯಲ್ಲಿ ಎಷ್ಟನೆಯವರು ಎಂಬುದೇ ಅದರ ಬೆಲೆಯನ್ನು ನಿರ್ಧರಿಸುತ್ತದೆ. ಪ್ಲೇಆಫ್ ತಲುಪದ 16 ತಂಡಗಳು ಮೊದಲು ಆರಿಸಿಕೊಳ್ಳುತ್ತವೆ. ಫೈನಲ್‌ನಲ್ಲಿ ಸೋತ ತಂಡಕ್ಕೆ 31ನೆಯ ಸರದಿ, ಕಪ್ ಗೆದ್ದ ತಂಡಕ್ಕೆ 32ನೆಯದು. ಅಂದರೆ ತಂದ ಆಟಗಾರನಿಂದ ತಂಡ ಎಷ್ಟು ಮೇಲೇರುತ್ತದೆಯೋ, ಕೊಟ್ಟ ಪಿಕ್ಕಿನ ಬೆಲೆ ಅಷ್ಟೇ ಕೆಳಗಿಳಿಯುತ್ತದೆ. ‘ಮೊದಲ ಸುತ್ತು’ ಎಂಬ ಎರಡು ಪದ ಕೇಳಿದೊಡನೆ ಕಣ್ಣಮುಂದೆ ಲೀಗಿನ ತಾರೆ ಕಾನರ್ ಮೆಕ್‌ಡೇವಿಡ್‌ನನ್ನು ತಂದುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕೆಂದು ನನ್ನ ವಿನಂತಿ. ಆತ 2015ರಲ್ಲಿ ಸರದಿಯ ಮೊಟ್ಟಮೊದಲಿಗನಾಗಿ ಹೋದವನು. ಆ ಪಿಕ್ಕನ್ನು ಗಡುವಿನ ದಿನ ಮಾರಲು ಯಾರೂ ತರುವುದಿಲ್ಲ.

ಟ್ಯಾಂಪಾ ಬೇ ಲೈಟ್ನಿಂಗ್ 2020ರ ಫೆಬ್ರುವರಿಯಲ್ಲಿ ಸ್ಯಾನ್ ಹೋಸೆಯಿಂದ ಬಾರ್‌ಕ್ಲೇ ಗುಡ್ರೋನನ್ನು ತಂದಾಗ, ಮೂರನೆಯ ಸಾಲಿನಲ್ಲಿ (ಸರದಿಯಂತೆ ಕಣಕ್ಕಿಳಿಯುವ ಮೂವರು ಮುನ್ಪಡೆ ಆಟಗಾರರ ಗುಂಪುಗಳಲ್ಲಿ ಮೂರನೆಯದರಲ್ಲಿ) ಆಡುವವನಿಗೆ ಮೊದಲ ಸುತ್ತಿನ ಪಿಕ್ಕೇ ಎಂದು ನಕ್ಕವರು ಬಹಳ. ಅದೇ ತಿಂಗಳು ನ್ಯೂಜೆರ್ಸಿಯಿಂದ ಬಂದ ಬ್ಲೇಕ್ ಕೋಲ್ಮನ್ ಮತ್ತು ತಂಡದಲ್ಲೇ ಇದ್ದ ಯಾನಿ ಗೂರ್ಡ್ ಜೊತೆ ಗುಡ್ರೋ ಕೂಡಿಕೊಂಡು ಆದ ಆ ಮೂರನೆಯ ಸಾಲು, ಎದುರಾಳಿಯ ಬಲಿಷ್ಠ ಆಟಗಾರರನ್ನು ಉಸಿರಾಡಲು ಬಿಡದೆ 2020ರಲ್ಲೂ 2021ರಲ್ಲೂ ಕಪ್ ಗೆಲ್ಲಲು ನೆರವಾಯಿತು. ಬಂದ ಇಬ್ಬರ ಒಪ್ಪಂದದಲ್ಲೂ ಇನ್ನೊಂದು ವರ್ಷ ಉಳಿದಿತ್ತು, ಸಂಬಳವೂ ಅಗ್ಗವಾಗಿತ್ತು. ಸಂಬಳಕ್ಕೆ ಮಿತಿಯಿರುವ ಲೀಗಿನಲ್ಲಿ ಇದು ಸಣ್ಣ ಮಾತಲ್ಲ. ಗುಡ್ರೋಗಾಗಿ ಕೊಟ್ಟ ಪಿಕ್, ಟ್ಯಾಂಪಾ ಕಪ್ ಗೆದ್ದದ್ದರಿಂದ, ಆಗ 31 ತಂಡಗಳಿದ್ದ ಲೀಗಿನ ಸುತ್ತಿನಲ್ಲಿ ಕಟ್ಟಕಡೆಯದಾಯಿತು. ಅದರಲ್ಲಿ ಆಯ್ಕೆಯಾದ ಹುಡುಗ ಸ್ಯಾನ್ ಹೋಸೆ ಪರವಾಗಿ ಒಂದೂ ಎನ್‌ಎಚ್‌ಎಲ್ ಪಂದ್ಯ ಆಡದೆ ಬೇರೆ ತಂಡಕ್ಕೆ ಹೋದ. ಇನ್ನು ಟ್ಯಾಂಪಾದ ನಿಜವಾದ ಬೆಳೆ ಬಂದದ್ದಾದರೂ ಎಲ್ಲಿಂದ? ನಿಕಿತಾ ಕುಚೆರೊವ್ 2011ರಲ್ಲಿ 58ನೆಯವನಾಗಿ, ಬ್ರೇಡನ್ ಪಾಯಿಂಟ್ 2014ರಲ್ಲಿ 79ನೆಯವನಾಗಿ ಆಯ್ಕೆಯಾದವರು. ಇಬ್ಬರೂ ಮೊದಲ ಸುತ್ತಿನವರಲ್ಲ.

ಇದರರ್ಥ ಕೈಗೆ ಸಿಕ್ಕಿದ್ದನ್ನೆಲ್ಲ ಕೊಡಬಹುದೆಂದಲ್ಲ. ಪಿಕ್ ಬೇರೆ, ಈಗಾಗಲೇ ಮೊಳೆತು ತೋರಿಸಿದ ಎಳೆಯ ಆಟಗಾರ ಬೇರೆ. ವಾಷಿಂಗ್ಟನ್ 2013ರ ಏಪ್ರಿಲ್‌ನಲ್ಲಿ, ಹಿಂದಿನ ವರ್ಷವಷ್ಟೇ 11ನೆಯವನಾಗಿ ಆರಿಸಿಕೊಂಡಿದ್ದ ಫಿಲಿಪ್ ಫೋರ್ಸ್‌ಬರ್ಗ್‌ನನ್ನು ನ್ಯಾಶ್‌ವಿಲ್‌ಗೆ ಕೊಟ್ಟು ಮಾರ್ಟಿನ್ ಎರಾಟ್ ಮತ್ತು ಮೈಕೆಲ್ ಲಾಟಾರನ್ನು ತಂದಿತು. ಆ ವರ್ಷ ವಾಷಿಂಗ್ಟನ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು, ಎರಾಟ್ ಒಂದು ವರ್ಷದೊಳಗೆ ಹೊರಟುಹೋದ, ಫೋರ್ಸ್‌ಬರ್ಗ್ ನ್ಯಾಶ್‌ವಿಲ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನಾದ. ಬೀಜದ ಮಾತು ಹೊಂದುವುದಾದರೆ ಇಲ್ಲಿ ಹೊಂದುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಕಪ್ ಖಾತ್ರಿಯಿಲ್ಲ ಎಂಬುದನ್ನು ಬೋಸ್ಟನ್ ಅಭಿಮಾನಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ: 2022–23ರಲ್ಲಿ 65 ಗೆಲುವು, 135 ಅಂಕಗಳ ದಾಖಲೆ ಬರೆದು, ಗಡುವಿಗೆ ಮುನ್ನ ಆಟಗಾರರನ್ನೂ ತಂದು, ಫ್ಲಾರಿಡಾ ವಿರುದ್ಧದ ಪ್ಲೇಆಫ್ ಸರಣಿಯಲ್ಲಿ 3–1 ಪಂದ್ಯಗಳ ಮುನ್ನಡೆಯಿಂದ ಮೊದಲ ಸುತ್ತಿನಲ್ಲೇ ಜಾರಿದರು.

ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಇಲ್ಲಿ ಕೊಡುತ್ತಿರುವುದು ಯಾರ ಭವಿಷ್ಯ? ಇಂದು ಆಯ್ಕೆಯಾಗುವ 18ರ ಹುಡುಗ ತಂಡದಲ್ಲಿ ಕಾಲೂರಲು ಸಾಮಾನ್ಯವಾಗಿ ಹಲವು ವರ್ಷ ಬೇಕು. ಪ್ಲೇಆಫ್‌ನಲ್ಲಿ ತಂಡ ಮುಗ್ಗರಿಸಿದರೆ, ಇಂಥ ಕೊಡುಕೊಳ್ಳುವಿಕೆಯನ್ನು ನಿರ್ಧರಿಸುವ ಜನರಲ್ ಮ್ಯಾನೇಜರ್‌ಗೆ ಅಷ್ಟು ವರ್ಷ ಸಿಗುವ ಭರವಸೆಯಿಲ್ಲ. ಹೀಗಾಗಿ ಸಾಲ ಮಾಡುವವನು ಒಬ್ಬ, ತೀರಿಸುವವನು ಇನ್ನೊಬ್ಬನಾಗುವುದು ಅಪರೂಪವಲ್ಲ. ಫೋರ್ಸ್‌ಬರ್ಗ್ 2014–15ರಲ್ಲಿ ನ್ಯಾಶ್‌ವಿಲ್ ಪರವಾಗಿ 26 ಗೋಲು ಹೊಡೆಯುವ ಹೊತ್ತಿಗೆ, ಅವನನ್ನು ಕಳುಹಿಸಿಕೊಟ್ಟಿದ್ದ ಜಾರ್ಜ್ ಮೆಕ್‌ಫೀ ವಾಷಿಂಗ್ಟನ್‌ನ ಆ ಕುರ್ಚಿಯಲ್ಲಿ ಇರಲಿಲ್ಲ.