ಹಳಿ ಒಂದು, ಸರ್ಕಾರ ಎರಡು: ವಾಸ್ಕೊ ರೈಲಿನ ಹಳೇ ಲೆಕ್ಕ

ಗೋವಾದ ವಾಸ್ಕೊದಲ್ಲಿರುವ ನಮ್ಮ ಕಡೆಯವರು ಹಬ್ಬಕ್ಕೆ ಹುಬ್ಬಳ್ಳಿ, ಗದಗ ಅಂತ ಹೊರಡುವುದು ಈ ಹಳಿಯ ಮೇಲೆಯೇ. ನಿದ್ದೆಯಲ್ಲಿ ಗಡಿಯ ಕ್ಯಾಸಲ್‌ರಾಕ್ ದಾಟಿದ್ದು ಗೊತ್ತೇ ಆಗುವುದಿಲ್ಲ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದ ಕಾಲಕ್ಕೆ ಅಲ್ಲಿಗೆ ಒಂದು ದೇಶವೇ ಮುಗಿಯುತ್ತಿತ್ತು.

1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಲಿಸ್ಬನ್‌ನಲ್ಲಿ ಒಪ್ಪಂದ ಮಾಡಿಕೊಂಡರು. ವಾಸ್ಕೊ ಪಕ್ಕದ ಮುರ್ಗಾಂವ್‌ನಲ್ಲಿ ಬಂದರು, ಅಲ್ಲಿಂದ ಘಟ್ಟ ಹತ್ತುವ ರೈಲು, ಮತ್ತು ಗಡಿಯಲ್ಲಿ ಸುಂಕದ ಕಾಟ ಇಲ್ಲ. ಕಟ್ಟಿದ್ದು ಲಂಡನ್ನಿನ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ. ಬಂಡವಾಳದ ಬಡ್ಡಿಗೆ ಖಾತ್ರಿ ಕೊಟ್ಟದ್ದು ಪೋರ್ಚುಗಲ್ ಸರ್ಕಾರ. ಗಡಿಯಾಚೆ, ಬ್ರಿಟಿಷರ ನೆಲದಲ್ಲಿ, ಸದರ್ನ್ ಮರಾಠಾ ರೈಲ್ವೆಯ ಹಳಿ. 1888ರಲ್ಲಿ ಎರಡೂ ಕೂಡಿದವು. ದೂಧ್‌ಸಾಗರದ ಏರು 37 ಅಡಿಗೆ ಒಂದಡಿ, ಹಿಂದಿನಿಂದ ನೂಕಲು ಇನ್ನೊಂದು ಎಂಜಿನ್ ಬೇಕು. ಖರ್ಚು ಜಾಸ್ತಿ ಆಗದೇ ಇರುತ್ತದಾ?

ನನಗೆ ಕಾಣುವ ಎಡವಟ್ಟು ಇಲ್ಲಿದೆ. ಹಳಿ ಪೋರ್ಚುಗೀಸರ ನೆಲದಲ್ಲಿ, ಆದರೆ ಅದಕ್ಕೆ ಬೇಕಾದ ಹತ್ತಿ, ಕಾಳು ಎಲ್ಲ ಧಾರವಾಡ, ಬಳ್ಳಾರಿ ಕಡೆಯದು. ಆ ಸರಕು ಈ ಕಡೆ ಬರಬೇಕಾ, ಮುಂಬೈಗೆ ಹೋಗಬೇಕಾ ಅನ್ನುವುದು ಘಟ್ಟದ ಮೇಲಿನ ದರ, ಸುಂಕದ ಮೇಲೆ ನಿಂತಿತ್ತು. 1880ರಲ್ಲಿ ಜಾರಿಗೆ ಬಂದ 12 ವರ್ಷದ ಒಪ್ಪಂದ 1892ರಲ್ಲಿ ಮುಗಿಯಿತು, ಮುಂದುವರಿಯಲಿಲ್ಲ, ಸುಂಕದ ಗೋಡೆ ಮತ್ತೆ ಎದ್ದಿತು. ರೈಲು ಖಾಲಿ ಓಡಿದರೂ ಬಡ್ಡಿ ಮಾತ್ರ ಪೋರ್ಚುಗಲ್‌ನ ತಲೆಗೆ!

ಕೊನೆಗೆ 1902ರಲ್ಲಿ, ಮಾಲೀಕತ್ವ ಹಾಗೇ ಇಟ್ಟು, ಓಡಿಸುವ ಕೆಲಸವನ್ನು ಸದರ್ನ್ ಮರಾಠಾದವರಿಗೇ ಕೊಟ್ಟರು. ಜಾಣ ಏರ್ಪಾಡು. ಆದರೆ ಓಡಿಸುವವರು ಒಬ್ಬರಾದರೂ ಗಡಿಯ ಬಾಗಿಲು ಸರ್ಕಾರಗಳ ಕೈಯಲ್ಲೇ ಇತ್ತಲ್ವಾ? 1955ರಲ್ಲಿ ಗೋವಾ ಬಿಡುಗಡೆಯ ಸತ್ಯಾಗ್ರಹದ ಗದ್ದಲದ ನಡುವೆ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿತು, ಗಡಿ ದಾಟುವ ರೈಲು ನಿಂತಿತು. (ಗೋವಾದ ಅದಿರಿಗೆ ಮಾತ್ರ ಏನೂ ಆಗಲಿಲ್ಲ, ಅದು ನದಿಯಲ್ಲಿ ಬಾರ್ಜ್ ಹತ್ತಿ ಹಡಗಿಗೆ ಹೋಗುತ್ತಿತ್ತು.) 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು, ಹಳಿಗೂ ಒಬ್ಬನೇ ಮಾಲೀಕನಾದ. ಈಗ ಅದು ಹುಬ್ಬಳ್ಳಿಯ ನೈಋತ್ಯ ರೈಲ್ವೆಯದು.

ಹಾಗಂತ ಜಗಳ ಮುಗಿದಿಲ್ಲ. ಮುರ್ಗಾಂವ್‌ನಲ್ಲಿ ಇಳಿಯುವ ಕಲ್ಲಿದ್ದಲು ಹೋಗುವುದು ಕರ್ನಾಟಕದ ಉಕ್ಕಿನ ಕಾರ್ಖಾನೆಗಳಿಗೆ, ಧೂಳು ಕುಡಿಯುವವರು ವಾಸ್ಕೊದವರು. ಆ ಧೂಳಲ್ಲಿ ಬದುಕುವ ಕನ್ನಡಿಗರೂ ಸಾಕಷ್ಟಿದ್ದಾರೆ. ಹಾಗಾಗಿ ಹಳಿ ಜೋಡಿ ಮಾಡುವ ಯೋಜನೆಗೆ ಇಲ್ಲಿ ಜೋರು ವಿರೋಧ ಎದ್ದಿತು, ಕಾಡಿನ ಪ್ರಶ್ನೆಯೂ ಸೇರಿಕೊಂಡಿತು. ಕ್ಯಾಸಲ್‌ರಾಕ್–ಕುಳೆಂ ಘಟ್ಟದ ಭಾಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.