ಹೆಸರು ಒಂದೇ, ಉತ್ತರ ಬೇರೆ ಬೇರೆ: ಟರ್ಮಿನಲ್‌ನಲ್ಲಿ ಡಿಎನ್‌ಎಸ್

ಒಂದು ವೆಬ್‌ಸೈಟನ್ನು ಹಳೆಯ ಸರ್ವರ್‌ನಿಂದ ಹೊಸ ಸರ್ವರ್‌ಗೆ ಸಾಗಿಸಿದ್ದಾರೆ ಅಂದುಕೊಳ್ಳಿ. ಡಿಎನ್‌ಎಸ್‌ನಲ್ಲಿ, ಅಂದರೆ ವೆಬ್‌ಸೈಟ್‌ನ ಹೆಸರಿಗೆ ಅದರ ಸರ್ವರ್‌ನ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿ, ಐಪಿ ವಿಳಾಸ ಬದಲಾಯಿಸಿದ್ದೂ ಆಯಿತು. ಒಬ್ಬರಿಗೆ ಹೊಸ ಪುಟ ಕಾಣುತ್ತದೆ, ಪಕ್ಕದಲ್ಲೇ ಕೂತವರಿಗೆ ಹಳೆಯದೇ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾದದ್ದು ಮೊಬೈಲ್‌ನಲ್ಲಿ ಸರಿಯಾಗಿಲ್ಲ. ಆಗ ಸಿಗುವ ಸಲಹೆ ಒಂದೇ: "ಡಿಎನ್‌ಎಸ್ ಪ್ರಾಪಗೇಟ್ ಆಗ್ಬೇಕು, 48 ಗಂಟೆ ಕಾಯಿರಿ."

ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ನಾವು ಮಾಡಿದ ಬದಲಾವಣೆ ತಾನಾಗಿ ಜಗತ್ತಿಗೆಲ್ಲ ಹರಡುತ್ತಾ ಹೋಗುವುದಿಲ್ಲ. ವಿಳಾಸ ಬದಲಾಯಿತು ಅಂತ ಬಳಕೆದಾರರ ಕಂಪ್ಯೂಟರ್‌ಗಳಿಗೆ ಯಾರೂ ಸುದ್ದಿ ಕಳಿಸುವುದಿಲ್ಲ. ನಡೆಯುವುದು ಇಷ್ಟೇ: ಆ ಎರಡು ಕಂಪ್ಯೂಟರ್‌ಗಳು ಬೇರೆ ಬೇರೆ ಕಡೆ ಕೇಳಿವೆ, ಅಥವಾ ಬೇರೆ ಬೇರೆ ಹೊತ್ತಿನಲ್ಲಿ ಕೇಳಿವೆ. ಯಾರನ್ನು ಕೇಳಿದೆ, ಯಾವಾಗಿನ ಉತ್ತರ ಸಿಕ್ಕಿದೆ ಅನ್ನುವುದನ್ನು ಬ್ರೌಸರ್ ತೋರಿಸುವುದಿಲ್ಲ. ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿ, ಅಂದರೆ ಟರ್ಮಿನಲ್, ತೋರಿಸುತ್ತದೆ. ಹಾಗಾಗಿಯೇ ಡಿಎನ್‌ಎಸ್ ವಿಷಯದಲ್ಲಿ ನಾನು ಮೊದಲು ತೆರೆಯುವುದು ಟರ್ಮಿನಲ್ಲನ್ನೇ.

ಈ ಗೊಂದಲ ಇಲ್ಲದ ಕಾಲವೂ ಇತ್ತು. 1980ರ ದಶಕದ ಆರಂಭದವರೆಗೆ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿದ್ದ ಎಲ್ಲ ಕಂಪ್ಯೂಟರ್‌ಗಳ ಹೆಸರೂ ವಿಳಾಸವೂ ಒಂದೇ ಫೈಲ್‌ನಲ್ಲಿದ್ದವು. ಅದರ ಹೆಸರು ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕೆಂದರೆ ಅವರಿಗೆ ತಿಳಿಸಬೇಕು, ಉಳಿದವರೆಲ್ಲ ಆ ಫೈಲನ್ನು ಮತ್ತೆ ಇಳಿಸಿಕೊಳ್ಳಬೇಕು. ನೆಟ್‌ವರ್ಕ್ ಬೆಳೆದ ವೇಗಕ್ಕೆ ಇದು ತಡೆಯಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್‌ನ ವಿನ್ಯಾಸ ಕೊಟ್ಟರು. 1987ರಲ್ಲಿ ಅದನ್ನು ಪರಿಷ್ಕರಿಸಿ ಬಂದ ಆರ್‌ಎಫ್‌ಸಿ (ಇಂಟರ್ನೆಟ್‌ನ ನಿಯಮ ಬರೆದಿಡುವ ದಾಖಲೆ) 1034 ಮತ್ತು 1035 ಇವತ್ತಿಗೂ ಡಿಎನ್‌ಎಸ್‌ನ ತಳಪಾಯ.

ಆ ವಿನ್ಯಾಸದಲ್ಲಿ ಎರಡು ಮುಖ್ಯ ವಿಚಾರಗಳಿವೆ. ಹೆಸರುಗಳ ಜವಾಬ್ದಾರಿಯನ್ನು ಹಂಚಿಬಿಡುವುದು ಒಂದು. ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ಹತ್ತಿರವೇ ಇಟ್ಟುಕೊಳ್ಳುವುದು, ಅಂದರೆ ಕ್ಯಾಶ್, ಇನ್ನೊಂದು. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವುದನ್ನು ಹೆಸರಿನ ಒಡೆಯರೇ ಸೆಕೆಂಡ್‌ಗಳ ಲೆಕ್ಕದಲ್ಲಿ ಬರೆದಿಡುತ್ತಾರೆ. ಅದೇ ಟಿಟಿಎಲ್.

ಈಗ ಟರ್ಮಿನಲ್‌ಗೆ ಬರೋಣ. ಲಿನಕ್ಸ್‌ನಲ್ಲಾಗಲಿ ಮ್ಯಾಕ್‌ನಲ್ಲಾಗಲಿ ಡಿಗ್ ಎಂಬ ಕಮಾಂಡ್ ಇದೆ. ಕೆಲವು ಲಿನಕ್ಸ್‌ಗಳಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು. ಡಿಗ್ ಎಂದು ಬರೆದು, ಮುಂದೆ ಎಕ್ಸಾಂಪಲ್ ಡಾಟ್ ಕಾಮ್ ಎಂದು ಹೆಸರು ಕೊಟ್ಟು ಎಂಟರ್ ಒತ್ತಿ. ಹತ್ತಿಪ್ಪತ್ತು ಸಾಲು ಬರುತ್ತವೆ. ಹೊಸಬರು ಬೆದರುವುದು ಇಲ್ಲೇ. ಅದರಲ್ಲಿ ನಾಲ್ಕು ಜಾಗ ನೋಡಿದರೆ ಸಾಕು.

ಮೇಲ್ಗಡೆ ಸ್ಟೇಟಸ್ ಇರುತ್ತದೆ. ಅಲ್ಲಿ 'ನೋಎರರ್' ಅಂತಿದ್ದರೆ ಪ್ರಶ್ನೆಗೆ ತೊಂದರೆಯಿಲ್ಲದೆ ಉತ್ತರ ಬಂದಿದೆ ಎಂದರ್ಥ. ಅದರ ಕೆಳಗೆ ಫ್ಲ್ಯಾಗ್‌ಗಳು. ಅಲ್ಲಿ 'ಎಎ' ಎಂಬ ಎರಡಕ್ಷರ ಕಂಡರೆ ಉತ್ತರ ಕೊಟ್ಟದ್ದು ಆ ಹೆಸರಿನ ಅಧಿಕೃತ ಸರ್ವರೇ, ಅಂದರೆ ಒಡೆಯರು ಬರೆದ ಮೂಲ ದಾಖಲೆ ಇರುವ ಸರ್ವರ್. ಕಾಣದಿದ್ದರೆ ಮಧ್ಯದ ಯಾರೋ ಕೊಟ್ಟಿದ್ದಾರೆ. ಆಮೇಲೆ ಉತ್ತರದ ಸಾಲು: ಹೆಸರು, ಪಕ್ಕದಲ್ಲಿ 300 ಅಂತ ಒಂದು ಸಂಖ್ಯೆ, ಆಮೇಲೆ 'ಐಎನ್', 'ಎ', ಕೊನೆಗೆ 192.0.2.10 ಥರದ ಒಂದು ವಿಳಾಸ. ಆ 300 ಇದೆಯಲ್ಲ, ಅದೇ ಟಿಟಿಎಲ್. ಕೆಳಗಡೆ 'ಸರ್ವರ್' ಎಂಬ ಸಾಲು, ಅಂದರೆ ಈ ಉತ್ತರ ಯಾರಿಂದ ಬಂತು ಅನ್ನುವುದು.

ಸ್ವಲ್ಪ ತಡೆದು ಅದೇ ಕಮಾಂಡನ್ನು ಮತ್ತೆ ಓಡಿಸಿ. ಸಾಮಾನ್ಯವಾಗಿ ಈ ಸಲ 300ರ ಜಾಗದಲ್ಲಿ 288 ಇರುತ್ತದೆ. ಇನ್ನೊಮ್ಮೆ ಓಡಿಸಿದರೆ 271. ಕ್ಯಾಶ್‌ನಲ್ಲಿ ಕೂತ ಉತ್ತರಕ್ಕೆ ಆಯಸ್ಸು ಕಮ್ಮಿಯಾಗುತ್ತಿರುವುದನ್ನು ನೀವು ಕಣ್ಣಾರೆ ನೋಡುತ್ತಿದ್ದೀರಿ. ಸೊನ್ನೆಗೆ ಬಂದ ಮೇಲೆ ಆ ಸರ್ವರ್ ಮತ್ತೆ ಅಧಿಕೃತ ಸರ್ವರನ್ನೇ ಕೇಳಬೇಕು. ಅಧಿಕೃತ ಸರ್ವರನ್ನು ನೀವೇ ನೇರವಾಗಿ ಕೇಳಿದರೆ ಈ ಸಂಖ್ಯೆ ಇಳಿಯುವುದೇ ಇಲ್ಲ, ಪ್ರತಿ ಸಲವೂ ಪೂರ್ತಿ 300. ಡಿಎನ್‌ಎಸ್ ಬಗ್ಗೆ ಎಷ್ಟು ಓದಿದರೂ ಮನಸ್ಸಿಗೆ ಇಳಿಯದ ವಿಷಯ ಇದನ್ನು ಒಮ್ಮೆ ನೋಡಿದರೆ ಇಳಿಯುತ್ತದೆ.

ಯಾರನ್ನು ಕೇಳಬೇಕು ಅನ್ನುವುದನ್ನು ನಾವೇ ಆರಿಸಬಹುದು ಅನ್ನೋದೇ ಡಿಗ್‌ನ ದೊಡ್ಡ ಶಕ್ತಿ. ಕಮಾಂಡ್‌ನಲ್ಲಿ @ ಚಿಹ್ನೆ ಹಾಕಿ 8.8.8.8 ಎಂದು ಬರೆದರೆ ಗೂಗಲ್‌ನ ರಿಸಾಲ್ವರನ್ನು, ಅಂದರೆ ನಮ್ಮ ಪರವಾಗಿ ಉತ್ತರ ಹುಡುಕಿ ತಂದು ಕ್ಯಾಶ್‌ನಲ್ಲಿಡುವ ಸರ್ವರನ್ನು, ಕೇಳುತ್ತದೆ. 1.1.1.1 ಎಂದರೆ ಕ್ಲೌಡ್‌ಫ್ಲೇರ್‌ನದು, 9.9.9.9 ಎಂದರೆ ಕ್ವಾಡ್9ನದು. ಮೊದಲು 'ಎನ್‌ಎಸ್' ದಾಖಲೆ ಕೇಳಿ ಅಧಿಕೃತ ಸರ್ವರ್‌ಗಳ ಹೆಸರು ತಿಳಿದುಕೊಳ್ಳಿ, ಆಮೇಲೆ @ ಹಾಕಿ ಅವುಗಳನ್ನೇ ಕೇಳಿ. ಅಲ್ಲಿ ಹೊಸ ವಿಳಾಸ ಬಂದರೆ ನಿಮ್ಮ ಕೆಲಸ ಸರಿಯಾಗಿದೆ. ಬೇರೆ ಕಡೆ ಹಳೆಯದು ಕಂಡರೆ, ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದು ಅದರ ಪಕ್ಕದ ಸಂಖ್ಯೆಯಲ್ಲೇ ಇದೆ. ಇಷ್ಟು ಗೊತ್ತಿದ್ದ ಮೇಲೆ 48 ಗಂಟೆಯ ಮಾತು ಯಾಕೆ ಬೇಕು, ಅಲ್ವಾ?

'+ಟ್ರೇಸ್' ಎಂದು ಸೇರಿಸಿದರೆ ಇಡೀ ದಾರಿಯೇ ಕಾಣುತ್ತದೆ. ಡಿಗ್ ಮೊದಲು ರೂಟ್ ಸರ್ವರ್‌ಗಳಲ್ಲಿ, ಅಂದರೆ ಹೆಸರುಗಳ ಏಣಿಯ ತುತ್ತತುದಿಯಲ್ಲಿರುವ ಸರ್ವರ್‌ಗಳಲ್ಲಿ, ಒಂದನ್ನು ಕೇಳುತ್ತದೆ. ಅವಕ್ಕೆ ಇಂಗ್ಲಿಷ್ ಅಕ್ಷರಮಾಲೆಯ 'ಎ'ಯಿಂದ 'ಎಮ್'ವರೆಗೆ 13 ಹೆಸರುಗಳಿವೆ. ಹೆಸರು ಹದಿಮೂರಾದರೂ ಎನಿಕಾಸ್ಟ್ ಎಂಬ ವಿಧಾನದಿಂದ ಒಂದೇ ವಿಳಾಸದಲ್ಲಿ ಲೋಕದ ಹಲವು ಕಡೆ ಕೂತ ಯಂತ್ರಗಳು ಸಾವಿರಕ್ಕಿಂತ ಜಾಸ್ತಿ. ರೂಟ್‌ಗೆ ಎಕ್ಸಾಂಪಲ್ ಗೊತ್ತಿಲ್ಲ. ಕಾಮ್ ನೋಡಿಕೊಳ್ಳುವವರು ಯಾರು ಅನ್ನುವುದಷ್ಟೇ ಗೊತ್ತು. ಕಾಮ್‌ನವರಿಗೂ ಕೊನೆಯ ಉತ್ತರ ಗೊತ್ತಿಲ್ಲ, ಮುಂದೆ ಯಾರನ್ನು ಕೇಳಬೇಕೆಂದು ಹೇಳುತ್ತಾರೆ. ಮೂರನೇ ಮೆಟ್ಟಿಲಲ್ಲಿ ವಿಳಾಸ ಸಿಗುತ್ತದೆ. ಒಂದು ಎಚ್ಚರಿಕೆ: ಟ್ರೇಸ್ ತೋರಿಸುವುದು ಕ್ಯಾಶ್ ಇಲ್ಲದ ಉತ್ತರ. ನಿಮ್ಮ ಬಳಕೆದಾರರಿಗೆ ಈಗ ಅದೇ ಸಿಗುತ್ತಿದೆ ಎಂದೇನೂ ಅಲ್ಲ.

ಇನ್ನು ಜನ ಪದೇ ಪದೇ ಎಡವುವ ಒಂದು ಜಾಗ. ಆ ಹಳೆಯ ಹೋಸ್ಟ್ಸ್ ಫೈಲ್‌ನ ವಂಶ ಇನ್ನೂ ಉಳಿದಿದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಇಟಿಸಿ ಫೋಲ್ಡರ್‌ನೊಳಗೆ ಹೋಸ್ಟ್ಸ್ ಎಂಬ ಫೈಲ್ ಇದೆ. ವಿಂಡೋಸ್‌ನಲ್ಲಿ ಸಿಸ್ಟಮ್32ರ ಒಳಗೆ, ಡ್ರೈವರ್ಸ್ ಫೋಲ್ಡರ್‌ನ ಇಟಿಸಿಯಲ್ಲಿದೆ. ಅಲ್ಲಿ ಒಂದು ಹೆಸರಿಗೆ ವಿಳಾಸ ಬರೆದಿಟ್ಟರೆ ಸಾಮಾನ್ಯವಾಗಿ ಕಂಪ್ಯೂಟರ್ ಡಿಎನ್‌ಎಸ್ ಕೇಳಲು ಹೋಗುವುದೇ ಇಲ್ಲ. ಆದರೆ ಡಿಗ್ ಆಗಲಿ ಎನ್‌ಎಸ್‌ಲುಕಪ್ ಆಗಲಿ ಈ ಫೈಲನ್ನು ನೋಡುವುದಿಲ್ಲ, ಸೀದಾ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ. ಡಿಗ್‌ನಲ್ಲಿ ಒಂದು ವಿಳಾಸ, ಬ್ರೌಸರ್‌ನಲ್ಲಿ ಇನ್ನೊಂದು ಬಂದರೆ ಮೊದಲು ಈ ಫೈಲ್ ತೆರೆದು ನೋಡಿ. ಎಂದೋ ಪರೀಕ್ಷೆಗೆ ಅಂತ ಹಾಕಿ ಮರೆತ ಸಾಲು ಅಲ್ಲಿರಬಹುದು. ಲಿನಕ್ಸ್‌ನಲ್ಲಿ 'ಗೆಟ್‌ಎಂಟ್ ಹೋಸ್ಟ್ಸ್' ಎಂಬ ಕಮಾಂಡ್ ಇದೆ. ಸಾಮಾನ್ಯ ಪ್ರೋಗ್ರಾಂಗಳು ನಡೆಯುವ ದಾರಿಯಲ್ಲೇ ಅದೂ ನಡೆಯುತ್ತದೆ, ಹೋಸ್ಟ್ಸ್ ಫೈಲನ್ನೂ ನೋಡುತ್ತದೆ. ಎರಡರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಹೊಸ ಲಿನಕ್ಸ್‌ಗಳಲ್ಲಿ 'ಸರ್ವರ್' ಸಾಲಿನಲ್ಲಿ 127.0.0.53 ಎಂದು ಕಾಣಬಹುದು. ಅದು ನಿಮ್ಮ ಕಂಪ್ಯೂಟರ್‌ನೊಳಗೇ ಇರುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಸೇವೆ. ಪ್ರಶ್ನೆಯನ್ನು ಅದು ಯಾರಿಗೆ ದಾಟಿಸುತ್ತಿದೆ ಎಂದು ತಿಳಿಯಲು 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಓಡಿಸಿ. ವಿಪಿಎನ್ ಹಾಕಿದಾಗ ಕಚೇರಿಯ ಹೆಸರುಗಳು ಒಂದು ಕಡೆಗೆ, ಉಳಿದವು ಇನ್ನೊಂದು ಕಡೆಗೆ ಹೋಗುವುದೂ ಅಲ್ಲೇ ಕಾಣುತ್ತದೆ. ಹಿಂದೆ ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಎಂದು ಬರೆದಿಡುವ ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ತಿದ್ದಿದರೆ ಮುಗಿಯುತ್ತಿತ್ತು. ಈಗ ಎಷ್ಟೋ ಕಡೆ ಆ ಫೈಲನ್ನು ಬೇರೆ ಸೇವೆಯೊಂದು ಬರೆಯುತ್ತದೆ. ನೀವು ಕೈಯಾರೆ ತಿದ್ದಿದ್ದು ಮುಂದಿನ ಸಲ ನೆಟ್‌ವರ್ಕ್ ಸೇರುವಷ್ಟರಲ್ಲಿ ಅಳಿಸಿಹೋಗಿರಬಹುದು.

ಕ್ಯಾಶ್ ಖಾಲಿ ಮಾಡುವ ಕಮಾಂಡ್‌ಗಳು ಎಲ್ಲರಿಗೂ ಗೊತ್ತು: ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್', ಲಿನಕ್ಸ್‌ನಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್'. ಇವು ಖಾಲಿ ಮಾಡುವುದು ನಿಮ್ಮ ಕಂಪ್ಯೂಟರ್‌ನ ಕ್ಯಾಶನ್ನು ಮಾತ್ರ. ರೌಟರ್‌ನಲ್ಲಿ, ಇಂಟರ್ನೆಟ್ ಕೊಡುವ ಕಂಪನಿಯ ರಿಸಾಲ್ವರ್‌ನಲ್ಲಿ ಕೂತಿರುವ ಹಳೆಯ ಉತ್ತರ ಹಾಗೇ ಇರುತ್ತದೆ. ಸುಮ್ನೆ ಹತ್ತು ಸಲ ಫ್ಲಶ್ ಮಾಡಿ ಪ್ರಯೋಜನವಿಲ್ಲ.

'ಇಲ್ಲ' ಎಂಬ ಉತ್ತರವೂ ಕ್ಯಾಶ್ ಆಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹೊಸ ಹೆಸರನ್ನು ಇನ್ನೂ ಸೇರಿಸುವ ಮೊದಲೇ ಆತುರಕ್ಕೆ ಬ್ರೌಸರ್‌ನಲ್ಲಿ ತೆರೆದಿರಿ ಅನ್ನಿ. ರಿಸಾಲ್ವರ್‌ಗೆ 'ಎನ್‌ಎಕ್ಸ್‌ಡೊಮೈನ್', ಅಂದರೆ ಅಂಥ ಹೆಸರೇ ಇಲ್ಲ ಎಂಬ ಉತ್ತರ ಬರುತ್ತದೆ. ಅದನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಅನ್ನುವುದು ಆ ವಲಯದ, ಅಂದರೆ ಒಬ್ಬ ಒಡೆಯರ ಜವಾಬ್ದಾರಿಯಲ್ಲಿರುವ ಹೆಸರುಗಳ ಗುಂಪಿನ, 'ಎಸ್‌ಒಎ' ದಾಖಲೆಯಲ್ಲಿದೆ. ನೀವು ಹೆಸರು ಸೇರಿಸಿದ ಮೇಲೂ ಆ ಹೊತ್ತು ಕಳೆಯುವವರೆಗೆ ಅದು ಇಲ್ಲ ಅಂತಲೇ ಹೇಳುತ್ತಿರುತ್ತದೆ. ಆದ್ದರಿಂದ ಮೊದಲು ಸೇರಿಸಿ, ಅಧಿಕೃತ ಸರ್ವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಬ್ರೌಸರ್ ತೆರೆಯಿರಿ.

'ಸರ್ವ್‌ಫೇಲ್' ಬೇರೆಯೇ ಕಥೆ. ಹೆಸರು ಇದೆಯೋ ಇಲ್ಲವೋ ಹೇಳಲಾರೆ, ಸರಿಯಾದ ಉತ್ತರ ತರಲು ಆಗಲಿಲ್ಲ ಎಂದು ಅದರ ಅರ್ಥ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು 6 ಗಂಟೆ ನಿಂತುಹೋದಾಗ ರಿಸಾಲ್ವರ್‌ಗಳು ಕೊಡುತ್ತಿದ್ದ ಉತ್ತರ ಇದೇ. ದಾಖಲೆಗಳು ಅಳಿಸಿಹೋಗಿರಲಿಲ್ಲ. ಫೇಸ್‌ಬುಕ್‌ನ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್ನೆಟ್‌ನಿಂದ ಮಾಯವಾಗಿತ್ತು.

ಸರ್ವ್‌ಫೇಲ್‌ಗೆ ಇನ್ನೊಂದು ಕಾರಣ ಡಿಎನ್‌ಎಸ್‌ಸೆಕ್. ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ ಇದು. 2008ರಲ್ಲಿ ಕಂಪ್ಯೂಟರ್ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ರಿಸಾಲ್ವರ್‌ಗಳ ಕ್ಯಾಶ್‌ನಲ್ಲಿ ಸುಳ್ಳು ವಿಳಾಸ ತುರುಕುವುದು ಎಷ್ಟು ಸುಲಭ ಎಂದು ತೋರಿಸಿದ ಮೇಲೆ ಇದರ ಕೆಲಸ ಚುರುಕಾಯಿತು, 2010ರ ಜುಲೈನಲ್ಲಿ ರೂಟ್‌ಗೂ ಸಹಿ ಬಿತ್ತು. ಸಹಿಯ ಅವಧಿ ಮುಗಿದಿದ್ದರೆ ಅಥವಾ ಕೀಲಿ ಹೊಂದದಿದ್ದರೆ ಸಹಿ ಪರೀಕ್ಷಿಸುವ ರಿಸಾಲ್ವರ್ ಉತ್ತರ ಕೊಡಲು ಒಪ್ಪುವುದಿಲ್ಲ. ಪತ್ತೆ ಮಾಡುವುದು ಸುಲಭ. ಡಿಗ್‌ಗೆ '+ಸಿಡಿ' ಸೇರಿಸಿ ಅದೇ ಪ್ರಶ್ನೆ ಕೇಳಿ, ಅಂದರೆ ಸಹಿ ಪರೀಕ್ಷಿಸಬೇಡ ಎಂದು ಹೇಳಿ. ಈಗ ವಿಳಾಸ ಬಂದರೆ ದೋಷ ಬಹುತೇಕ ಸಹಿಯಲ್ಲೇ ಇದೆ. ಈ ಒಂದು ಪರೀಕ್ಷೆಯಿಂದ ಎಷ್ಟೋ ಹೊತ್ತಿನ ತಡಕಾಟ ತಪ್ಪುತ್ತದೆ.

ಮೊದಲು ಹೇಳಿದ ಸರ್ವರ್ ಸಾಗಣೆಯನ್ನು ತಿಳಿದವರು ಮಾಡುವ ರೀತಿ ಬೇರೆ. ಟಿಟಿಎಲ್ 86400 ಇದ್ದರೆ, ಅಂದರೆ ಒಂದು ದಿನ, ಸಾಗಣೆಗೆ ಒಂದು ದಿನಕ್ಕೂ ಮೊದಲೇ ಅದನ್ನು 300ಕ್ಕೆ ಇಳಿಸುತ್ತಾರೆ. ಹಳೆಯ ಟಿಟಿಎಲ್ ಹೊತ್ತ ಉತ್ತರಗಳೆಲ್ಲ ಕ್ಯಾಶ್‌ಗಳಿಂದ ಹೋಗಲು ಅಷ್ಟು ಹೊತ್ತು ಬೇಕು. ಆಮೇಲೆ ವಿಳಾಸ ಬದಲಾಯಿಸಿದರೆ ಬಹುತೇಕ ಜನರಿಗೆ ಐದು ನಿಮಿಷದಲ್ಲಿ ಹೊಸದು ಸಿಗುತ್ತದೆ. ಹೊಸ ಸರ್ವರ್ ಸರಿಯಿದೆಯೇ ಎಂದು ಡಿಎನ್‌ಎಸ್ ಮುಟ್ಟದೆಯೇ ನೋಡಲು, ಟರ್ಮಿನಲ್‌ನಿಂದಲೇ ವೆಬ್ ಪುಟ ತರುವ ಕರ್ಲ್ ಕಮಾಂಡ್‌ನಲ್ಲಿ '--ರಿಸಾಲ್ವ್' ಎಂಬ ಆಯ್ಕೆ ಇದೆ. ಹೆಸರು, ಪೋರ್ಟ್, ಹೊಸ ವಿಳಾಸ ಮೂರನ್ನೂ ಕೊಟ್ಟರೆ ಆ ಒಂದು ಸಲಕ್ಕೆ ಮಾತ್ರ ಅದೇ ವಿಳಾಸಕ್ಕೆ ಹೋಗುತ್ತದೆ. ಹೋಸ್ಟ್ಸ್ ಫೈಲ್ ತಿದ್ದಿ ಮರೆಯುವ ಅಪಾಯ ಇಲ್ಲಿಲ್ಲ. ಅದಕ್ಕೇ ನನಗೆ ಇದು ಹೆಚ್ಚು ಇಷ್ಟ.

ಈಚೆಗೆ ಒಂದು ಹೊಸ ತೊಡಕು ಸೇರಿಕೊಂಡಿದೆ. ಕೆಲವು ಬ್ರೌಸರ್‌ಗಳು ಕಂಪ್ಯೂಟರ್‌ನ ಡಿಎನ್‌ಎಸ್ ಸೆಟ್ಟಿಂಗ್ ಬಿಟ್ಟು, ಎಚ್‌ಟಿಟಿಪಿಎಸ್ ಮೂಲಕ ತಮ್ಮದೇ ರಿಸಾಲ್ವರನ್ನು ಕೇಳುತ್ತವೆ. 2018ರಲ್ಲಿ ಬಂದ ಆರ್‌ಎಫ್‌ಸಿ 8484 ಇದರ ನಿಯಮ. ಪ್ರಶ್ನೆ ಗುಪ್ತವಾಗಿ ಹೋಗುವುದು ಒಳ್ಳೆಯದೇ. ಆದರೆ ಆಗ ಬರೀ ಡಿಗ್ ಓಡಿಸಿ ಬ್ರೌಸರ್‌ನ ಸಮಸ್ಯೆ ಹುಡುಕಿದರೆ ಸಿಗುವುದಿಲ್ಲ, ಎರಡೂ ಕೇಳುತ್ತಿರುವುದು ಬೇರೆ ಬೇರೆಯವರನ್ನು. ಡಿಗ್ ಬರುವುದು ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶದ ಜೊತೆ; 2022ರಲ್ಲಿ ಬಂದ ಬೈಂಡ್ 9.18ರ ಡಿಗ್‌ನಲ್ಲಿ '+ಎಚ್‌ಟಿಟಿಪಿಎಸ್' ಎಂಬ ಆಯ್ಕೆ ಇದೆ. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಯಾವ ರಿಸಾಲ್ವರ್ ಇದೆ ನೋಡಿ, @ ಹಾಕಿ ಅದನ್ನೇ ಅದೇ ದಾರಿಯಲ್ಲಿ ಕೇಳಿ. ಬ್ರೌಸರ್‌ಗೆ ಸಿಗುತ್ತಿರುವ ಉತ್ತರ ಆಗ ಟರ್ಮಿನಲ್‌ನಲ್ಲೂ ಕಾಣುತ್ತದೆ.