ಕಣ್ಣಿನ ಸೂಜಿ ಮತ್ತು ಶಿಡ್ಲಘಟ್ಟದ ಬಸ್ಸು

ಶಿಡ್ಲಘಟ್ಟದ ನಮ್ಮಜ್ಜಿಗೆ ಮೊದಲು ಡೊಂಕಾಗಿ ಕಂಡಿದ್ದು ಬಾಗಿಲ ಚೌಕಟ್ಟು. "ಬಡಗಿ ಸರಿಯಾಗಿ ಕೂರಿಸಿಲ್ಲ ಕಣಪ್ಪಾ" ಅಂದರು. ಐವತ್ತು ವರ್ಷದ ಬಾಗಿಲು ಅದು! ಪೊರೆ ಇರಬೇಕು ಅಂತ ನಾವೂ ಸುಮ್ನಿದ್ದೆವು.

ಪೊರೆ ಅಲ್ಲ. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾದ ನಟ್ಟನಡುವೆ ಮ್ಯಾಕುಲಾ ಅಂತ ಒಂದು ಪುಟ್ಟ ಜಾಗ ಇದೆ, ಅಕ್ಷರ ಓದುವುದು, ಮುಖ ಗುರುತಿಸುವುದು ಎಲ್ಲ ಅಲ್ಲಿಂದಲೇ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಅವರಲ್ಲೂ ಕೆಲವರಿಗೆ ಅದರಡಿ ಹೊಸ ರಕ್ತನಾಳ ಹುಟ್ಟಿ ಸೋರುತ್ತದೆ, ಇದನ್ನು 'ವೆಟ್', ಅಂದರೆ ಒದ್ದೆ ಬಗೆ ಅಂತಾರೆ. ಅಜ್ಜಿಯದು ಅದೇ.

1980ರ ದಶಕದಲ್ಲಿ ಇದಕ್ಕಿದ್ದ ಮದ್ದು ಲೇಸರ್‌ನಿಂದ ಸುಡುವುದು. ನಾಳದ ಜೊತೆ ರೆಟಿನಾವೂ ಸುಟ್ಟು, ಅಲ್ಲಿ ಕಪ್ಪು ಕಲೆ ಖಾಯಂ ಆಗುತ್ತಿತ್ತು. 1990ರ ದಶಕದಲ್ಲಿ ಕೆಲವು ಸರ್ಜನ್‌ಗಳು ರೆಟಿನಾವನ್ನೇ ಬಿಡಿಸಿ ತಿರುಗಿಸಿ ಕೂರಿಸಲು ನೋಡಿದರು, ನೆನೆದರೇ ಮೈ ಜುಂ ಅನ್ನುತ್ತೆ. 2000ದಲ್ಲಿ ಬಂದ ವರ್ಟೆಪೋರ್ಫಿನ್ ಅನ್ನೋ ಔಷಧಿಯನ್ನು ತೋಳಿಗೆ ಕೊಟ್ಟು, ಕಣ್ಣಿಗೆ ಸುಡದ ಲೇಸರ್ ಬಿಡುತ್ತಿದ್ದರು. ದೃಷ್ಟಿ ಹೋಗುವುದು ನಿಧಾನ ಆಯಿತು, ಹೋದದ್ದು ವಾಪಸ್ ಬರುವುದು ಅಪರೂಪ.

ನಿಜವಾದ ತಿರುವು ಸೂಜಿಯದು. 2005ರಲ್ಲಿ ಮಯಾಮಿಯ ಡಾಕ್ಟರ್ ಫಿಲಿಪ್ ರೋಸೆನ್‌ಫೆಲ್ಡ್, ಹೊಸ ರಕ್ತನಾಳ ಬೆಳೆಯದಂತೆ ತಡೆಯುವ, ಕರುಳಿನ ಕ್ಯಾನ್ಸರಿಗೆ ಬಳಸುವ ಬೆವಾಸಿಜುಮ್ಯಾಬ್ ಔಷಧಿಯನ್ನು ಸೂಜಿಯಿಂದ ಕಣ್ಣೊಳಗೆ ಕೊಟ್ಟು ನೋಡಿದರು. ಮರುವರ್ಷ ಕಣ್ಣಿಗಾಗಿಯೇ ಮಾಡಿದ ರಾನಿಬಿಜುಮ್ಯಾಬ್ ಅಮೆರಿಕದ ಮಾರುಕಟ್ಟೆಗೆ ಬಂತು, ಬೆಲೆ ಮಾತ್ರ ಹತ್ತಾರು ಪಟ್ಟು ಜಾಸ್ತಿ. ಎರಡರ ಗುಣವೂ ಹೆಚ್ಚುಕಮ್ಮಿ ಒಂದೇ ಅಂತ 2011ರಲ್ಲಿ ಅಲ್ಲಿನ ಸರ್ಕಾರಿ ದುಡ್ಡಿನ ಪರೀಕ್ಷೆಯೇ ತೋರಿಸಿತು.

ಆದರೆ ತಿಂಗಳಿಗೊಂದು ಸೂಜಿ! ಅಜ್ಜಿಗೆ ಸೂಜಿಯ ಭಯ ಅಷ್ಟಿಲ್ಲ, ಮರಗಟ್ಟಿಸುವ ಹನಿ ಹಾಕುತ್ತಾರೆ. ಸಾಕಾಗುವುದು ಬೆಳಗಿನ ಬೆಂಗಳೂರು ಬಸ್ಸು, ಜೊತೆಗೆ ಹೋಗುವವರ ಒಂದು ದಿನದ ಕೂಲಿ. ನನ್ನ ಲೆಕ್ಕದಲ್ಲಿ 'ಸುಲಭ ಚಿಕಿತ್ಸೆ' ಅಂದರೆ ಕಡಿಮೆ ಓಡಾಟ, ಅಲ್ವಾ?

ಈಗಿನ ಪ್ರಯೋಗಗಳೂ ಹೆಚ್ಚಾಗಿ ಅದರ ಹಿಂದೆಯೇ. ಹನಿ ಔಷಧಿ ಕಣ್ಣಿನ ಹಿಂಭಾಗ ಮುಟ್ಟುವುದೇ ಕಷ್ಟ, ಸ್ಕ್ವಾಲಮೈನ್ ಹನಿ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಆರು ತಿಂಗಳಿಗೊಮ್ಮೆ ಔಷಧಿ ತುಂಬುವ, ಅಕ್ಕಿಕಾಳಿನಷ್ಟು ಡಬ್ಬಿಯನ್ನು ಕಣ್ಣಲ್ಲಿ ಕೂರಿಸಲು 2021ರಲ್ಲಿ ಅಮೆರಿಕ ಒಪ್ಪಿತು. ಮರುವರ್ಷವೇ ದೋಷ ಸಿಕ್ಕಿ ಕಂಪನಿ ವಾಪಸ್ ಪಡೆದು, ಸರಿಪಡಿಸಿ 2024ರಲ್ಲಿ ಮತ್ತೆ ತಂದಿತು. ಫಾರಿಸಿಮ್ಯಾಬ್ ಅನ್ನೋ ಹೊಸ ಸೂಜಿಮದ್ದು ಕೆಲವರಿಗೆ ನಾಲ್ಕು ತಿಂಗಳು ತಡೆಯುತ್ತದೆ. ಬ್ರಿಟನ್ನಿನಲ್ಲಿ 411 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಒಂದೇ ಸಲದ ಎಕ್ಸ್-ರೇ ಚಿಕಿತ್ಸೆ ಪಡೆದವರಿಗೆ ಎರಡು ವರ್ಷದಲ್ಲಿ ಸರಾಸರಿ 10.7 ಸೂಜಿ ಸಾಕಾಯಿತು, ಉಳಿದವರಿಗೆ 13.3.

ಅಜ್ಜಿಯ ಗೋಡೆ ಮೇಲೆ, ಕ್ಯಾಲೆಂಡರ್ ಪಕ್ಕ, ಡಾಕ್ಟರು ಕೊಟ್ಟ ಚೌಕುಳಿ ಗೆರೆಯ ಹಾಳೆ ಅಂಟಿಸಿದ್ದೇವೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾರೆ. ಗೆರೆ ಡೊಂಕಾದರೆ, ಮುಂದಿನ ತಾರೀಕಿಗೆ ಕಾಯದೆ ಹೊರಡಬೇಕು.